ಹೊಲಿಗೆ ಮೆಷಿನ್ ಮೇಲಿನ ಗೋರೆಗಾಂವ್

ನಮ್ಮ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಮುಂಬಯಿಯ ಗೋರೆಗಾಂವ್‌ನ ಆಫೀಸಿನಲ್ಲಿ ಕೂತು ನೀರಿನ ಪಂಪುಗಳ ಬಿಡಿಭಾಗಗಳ ನಂಬರನ್ನು ಕಂಪ್ಯೂಟರಿಗೆ ಒತ್ತುತ್ತಿದ್ದೆ. ಮಾಟುಂಗದ ಮನೆಗೆ ಓಡಿಬರುವಷ್ಟರಲ್ಲಿ ಎದುರುಮನೆಯವರು ಅವರನ್ನು ಆಸ್ಪತ್ರೆಗೆ ಸೇರಿಸಿ ಆಗಿತ್ತು. ಆಪರೇಷನ್ ಮಾಡಿದ ಡಾಕ್ಟರು, ಮನೆಗೆ ಹೋದ ಮೇಲೆ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದರು. ನನ್ನ ಹತ್ತಿರ ಉಳಿದಿದ್ದ ರಜೆ ಮೂರು ವಾರ. ಗಂಡನಿಗೆ ಅದೂ ಇರಲಿಲ್ಲ.

ಒಂಬತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ ಅದು. ಟೈಪಿಸ್ಟ್ ಆಗಿ ಸೇರಿದ್ದೆ. ಎಂಬತ್ತರ ದಶಕದ ಕೊನೆಗೆ ಆಫೀಸಿಗೆ ಕಂಪ್ಯೂಟರ್ ಬಂದಾಗ ದೊಡ್ಡ ದೊಡ್ಡ ಗಂಡಸರು ಅದನ್ನು ಮುಟ್ಟಲು ಹಿಂಜರಿದರು. ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತವಳು ನಾನು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವುದನ್ನು ನೋಡಲು ನನಗೆ ಆಸೆ. ನನ್ನ ಕೈಕೆಳಗೆ ಇಡೀ ಗೋಡೌನ್ ಅಲ್ಲಾಡುತ್ತದೆ ಎನ್ನುವ ಜಂಬ ಬೇರೆ. ಕೆಲಸ ಬಿಡು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೈಸೂರಿನ ನೆಂಟರಿಂದ ಬಂದ ಕಾಗದಗಳಲ್ಲೆಲ್ಲ "ಮನೆಯಲ್ಲಿ ಒಂದು ಹೆಣ್ಣು ಇರಲೇಬೇಕಲ್ಲ" ಎಂಬ ಸಾಲು ಇರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಕಾಗದಗಳನ್ನು ಹರಿದು ಒಲೆಯ ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದೆ. ರಾಜೀನಾಮೆಯನ್ನೂ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಅದನ್ನು ಕೊಡಲು ಹೋದಾಗ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಓದಿ, ಮಡಿಸಿ, ನನ್ನ ಕೈಗೇ ವಾಪಸ್ ಕೊಟ್ಟರು. ಉಡುಪಿಯ ಕಡೆಯವರು, ಐವತ್ತು ದಾಟಿದವರು.

"ನೀವು ಹೋದರೆ ಇಲ್ಲಿ ಆ ನಂಬರೆಲ್ಲ ಯಾರಿಗೆ ಗೊತ್ತುಂಟು ಮಾರಾಯ್ರೆ?" ಎಂದರು. "ಮನೆಯಲ್ಲಿ ಫೋನುಂಟಲ್ಲ? ಹಾಗಾದರೆ ನೀವು ಬರುವುದು ಬೇಡ. ಒಂದು ಟರ್ಮಿನಲ್ ಮನೆಗೆ ಕಳಿಸ್ತೇನೆ. ಫೋನಿನ ವಯರಲ್ಲಿ ನಮ್ಮ ಕಂಪ್ಯೂಟರಿಗೆ ಕನೆಕ್ಷನ್ ಆಗ್ತದೆ. ನೀವು ಅಲ್ಲಿ ಒತ್ತಿದ್ದು ಇಲ್ಲಿ ಬರ್ತದೆ."

"ಆಗುತ್ತಾ ಸಾರ್?"

"ಪುಸ್ತಕದಲ್ಲಿ ಆಗ್ತದೆ ಅಂತ ಉಂಟು. ನೋಡುವ."

ಜನರಲ್ ಮ್ಯಾನೇಜರು ನಕ್ಕುಬಿಟ್ಟರಂತೆ. ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವುದೆಂದರೆ ಹಪ್ಪಳ ಒತ್ತುವುದೇ ಎಂದು ಕೇಳಿದರಂತೆ. ಕೊನೆಗೆ ಒಂದು ತಿಂಗಳು ನೋಡೋಣ, ಸರಿಹೋಗದಿದ್ದರೆ ಆ ರಾಜೀನಾಮೆ ಕಾಗದ ತೆಗೆದುಕೊಳ್ಳುತ್ತೇನೆ ಎಂದರು. ಆ ಕಾಗದ ಪರ್ಸಿನಲ್ಲೇ ಉಳಿಯಿತು.

ಹೀಗೆ ಒಂದು ಶನಿವಾರ ಟ್ಯಾಕ್ಸಿಯಲ್ಲಿ ಟರ್ಮಿನಲ್ ಬಂತು. ಟಿ.ವಿ.ಯಂಥ ಒಂದು ಪೆಟ್ಟಿಗೆ, ಒಂದು ಕೀಬೋರ್ಡು, ಜತೆಗೆ ಟಿಫಿನ್ ಡಬ್ಬಿಯಷ್ಟು ಗಾತ್ರದ ಮೋಡೆಮ್ ಎಂಬ ಯಂತ್ರ. ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಹಡಿಗೆ ಅದನ್ನು ಹೊತ್ತು ತಂದ ಮೇಲೆ ಇಡಲು ಜಾಗವೇ ಇಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಗಟ್ಟಿಮುಟ್ಟಾದ ಮೇಜು ಎಂದರೆ ಅತ್ತೆಯ ಹೊಲಿಗೆ ಮೆಷಿನ್ನಿನದು ಮಾತ್ರ. ಅವರೇ ಒಳಕೋಣೆಯ ಹಾಸಿಗೆಯಿಂದ ಕೂಗಿ ಹೇಳಿದರು: "ಮೆಷಿನ್ ಒಳಗೆ ಮಡಚಿಟ್ಟು ಅದರ ಮೇಲಿಡ್ರೋ. ನಾನೇನು ಈಗ ರವಿಕೆ ಹೊಲೀತೀನಾ?"

ಕೂರುವಾಗ ನನ್ನ ಪಾದ ತಾನಾಗಿಯೇ ಪೆಡಲಿನ ಮೇಲೆ ಹೋಗುತ್ತಿತ್ತು. ಕಷ್ಟದ ಆರ್ಡರ್ ಬಂದಾಗಲೆಲ್ಲ ನಾನು ಅದನ್ನು ತುಳಿಯುತ್ತ ಕೆಲಸ ಮಾಡಿದವಳು.

ನಂಬರ್ ತಿರುಗಿಸಿ ಗೋರೆಗಾಂವ್‌ಗೆ ಫೋನ್ ಮಾಡಬೇಕು. ಆ ಕಡೆಯಿಂದ ಕೀಂ ಎಂದು ಕಿರುಚುವ ಸದ್ದು ಕೇಳಿದೊಡನೆ ಮೋಡೆಮ್ಮಿನ ಗುಂಡಿ ಒತ್ತಿ ರಿಸೀವರ್ ಕೆಳಗಿಡಬೇಕು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನನ್ನ ಹೆಸರು ಕೇಳುವ ಹಸಿರು ಸಾಲು ಮೂಡುತ್ತಿತ್ತು. ಮೊದಲ ಸಲ ಅದು ಮೂಡಿದಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಬಾಂದ್ರಾ, ಅಂಧೇರಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬದ ನೂಕುನುಗ್ಗಲು ಯಾವುದನ್ನೂ ದಾಟದೆ ಗೋರೆಗಾಂವ್ ನಮ್ಮ ಮನೆಗೇ ಬಂದು ಹೊಲಿಗೆ ಮೆಷಿನ್ ಮೇಲೆ ಕೂತಿತ್ತು.

"ಇದರಲ್ಲಿ ಏನೇನಿದೆಯೇ?" ಎಂದು ಅತ್ತೆ ಕೇಳಿದರು.

"ಇದರಲ್ಲಿ ಏನೂ ಇಲ್ಲ ಅತ್ತೆ. ಬುದ್ಧಿಯೆಲ್ಲ ಆಫೀಸಿನ ಕಂಪ್ಯೂಟರಿನಲ್ಲೇ ಇದೆ. ಇದು ತೋರಿಸುತ್ತೆ ಅಷ್ಟೆ."

ಅವರು ಒಂದು ಕ್ಷಣ ಯೋಚಿಸಿ, "ಅಂದ್ರೆ ಮುಖ ಇಲ್ಲಿ, ತಲೆ ಗೋರೆಗಾಂವ್‌ನಲ್ಲಿ. ನಿನ್ನ ಹಾಗೇ ಅನ್ನು" ಎಂದರು. ನನಗೆ ನಗು ಬಂತು. ರಜೆ ಹಾಕಿ ಮನೆಯಲ್ಲಿದ್ದ ಆ ಮೂರು ವಾರವೂ ನನ್ನ ತಲೆ ಎಲ್ಲಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆರ್ಡರ್ ಕಾಗದಗಳು ಮಾತ್ರ ವಯರಿನಲ್ಲಿ ಬರುವಂತಿರಲಿಲ್ಲ. ಅದಕ್ಕೆ ದಾದರಿನ ಮರಾಠಿ ಸಹೋದ್ಯೋಗಿ ಒಂದು ದಾರಿ ಹುಡುಕಿದಳು. ಸಂಜೆ ಅವಳ ಲೋಕಲ್ ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ನಿಲ್ಲುವ ಅರೆಗಳಿಗೆಯಲ್ಲಿ ಲೇಡೀಸ್ ಡಬ್ಬದ ಬಾಗಿಲಿನಿಂದ ಬಟ್ಟೆಚೀಲ ಚಾಚುತ್ತಿದ್ದಳು. ಫೋರ್ಟಿನ ಆಫೀಸಿನಿಂದ ಬಂದಿಳಿದ ನನ್ನ ಗಂಡ ಅದನ್ನು ಹಿಡಿದುಕೊಂಡು, ಹಳೆಯ ಚೀಲ ವಾಪಸ್ ಕೊಡುತ್ತಿದ್ದರು. ನಿಮ್ಮ ಯಜಮಾನರು ದಿನಾ ಒಬ್ಬ ಹೆಂಗಸಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾರೆ ಎಂದು ಬಿಲ್ಡಿಂಗಿನವರೊಬ್ಬರು ನನಗೆ ಗುಟ್ಟಾಗಿ ಹೇಳಿದರು. ಚೀಲದಲ್ಲಿ ಏನು ಕೊಡುತ್ತಾಳೆ ಎಂದೂ ಕೇಳಿದರು. ವಾಷರು ಎಂದೆ.

ಇನ್ನು ಫೋನಿನ ವಿಷಯ. ವರ್ಷಗಟ್ಟಲೆ ಕಾದು ಪಡೆದ ಫೋನು ಅದು, ಆ ಮಹಡಿಗೆಲ್ಲ ಒಂದೇ. ಏಳು ಮನೆಯವರೂ ತಮ್ಮ ನೆಂಟರಿಗೆ, ಗಿರಾಕಿಗಳಿಗೆ ನಮ್ಮ ನಂಬರು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆದಿದ್ದರು. ಪಕ್ಕದ ಮನೆಯವರ ಫೋನಿಗೆ ಮಾಡಿ ಕರೆಸಿರಿ ಎಂದು ಅದರ ಅರ್ಥ. ಮುಂಬಯಿಯಲ್ಲಿ ಆಗ ಅರ್ಧ ಜನರ ನಂಬರು ಹಾಗೇ ಇರುತ್ತಿತ್ತು. ಈ ಏಳು ಮನೆಯ ಕಾರುಬಾರು ಅತ್ತೆಯದು. ಯಾರಿಗೆ ಹೆರಿಗೆಯಾಯಿತು, ಯಾರ ಹುಡುಗಿಗೆ ಗಂಡು ಒಪ್ಪಿತು, ಎದುರುಮನೆಯ ಫ್ರಿಜ್ ರಿಪೇರಿಯವರನ್ನು ಘಾಟ್ಕೋಪರಿಗೆ ಯಾರು ಕರೆದರು, ಎಲ್ಲ ಅವರ ಕಿವಿಯ ಮೂಲಕವೇ ಹೋಗಬೇಕು. ಹಾಸಿಗೆ ಹಿಡಿದ ಮೇಲೂ ಅದು ನಿಲ್ಲಬಾರದೆಂದು ನನ್ನ ಗಂಡ ಅದೇ ಲೈನಿಗೆ ಇನ್ನೊಂದು ಫೋನು ಜೋಡಿಸಿ ಅಮ್ಮನ ತಲೆದಿಂಬಿನ ಹತ್ತಿರ ಇಡಿಸಿದ್ದರು.

ನನ್ನ ಕೆಲಸ ಶುರುವಾಗುವ ಮೊದಲೇ ಅತ್ತೆ ಮಹಡಿಯ ಹೆಂಗಸರನ್ನೆಲ್ಲ ಮಂಚದ ಸುತ್ತ ಕರೆಸಿ ಕಟ್ಟಪ್ಪಣೆ ಮಾಡಿದರು. "ಬೆಳಗ್ಗೆ ಹತ್ತರಿಂದ ಸಾಯಂಕಾಲ ನಾಲ್ಕರವರೆಗೆ ಫೋನು ನಮ್ಮ ಸೊಸೇದು. ನಿಮ್ಮವರಿಗೆ ಹೇಳಿಬಿಡಿ, ಆಗ ಮಾಡಿದ್ರೆ ಎಂಗೇಜ್ ಬರುತ್ತೆ. ಅವಳ ಆಫೀಸು ಇದರ ಮೇಲೇ ನಿಂತಿದೆ." ಯಾರೂ ಎದುರಾಡಲಿಲ್ಲ. ನನ್ನ ಪರವಾಗಿ ನಮ್ಮಮ್ಮನೂ ಅಷ್ಟು ಜೋರಾಗಿ ಮಾತಾಡಿದ್ದಿಲ್ಲ.

ಮೊದಲ ನಾಲ್ಕು ದಿನ ಹಾಲು ಕುಡಿದಷ್ಟು ಸುಖವಾಗಿ ಹೋಯಿತು. ನಡುನಡುವೆ ಎದ್ದು ಅತ್ತೆಗೆ ನೀರು ಕೊಟ್ಟು, ಬೆಡ್‌ಪ್ಯಾನ್ ಇಟ್ಟು, ಮಗ್ಗುಲು ಬದಲಿಸಿ ಬರುತ್ತಿದ್ದೆ. ನನ್ನ ಕುರ್ಚಿಯಿಂದ ಅವರ ಮಂಚಕ್ಕೆ ಆರು ಹೆಜ್ಜೆ.

ಆಮೇಲೆ ಮಳೆ ಹಿಡಿಯಿತು, ಲೈನು ಬೀಳತೊಡಗಿತು. ಆರ್ಡರ್ ಅರ್ಧ ಒತ್ತಿರುವಾಗ ಪರದೆಯ ಮೇಲೆ ಕಸಕಡ್ಡಿಯಂಥ ಅಕ್ಷರಗಳು ಚೆಲ್ಲಾಡುತ್ತಿದ್ದವು. ಮರುಕ್ಷಣ ಎಲ್ಲ ಸ್ತಬ್ಧ. ಒತ್ತಿದ್ದೆಲ್ಲ ನೀರುಪಾಲು. ಮತ್ತೆ ನಂಬರ್ ತಿರುಗಿಸಬೇಕು, ಮತ್ತೆ ಮೊದಲಿನಿಂದ ಒತ್ತಬೇಕು. ದಿನಕ್ಕೆ ಮೂರು ಸಲ, ಕೆಲವು ದಿನ ಐದು ಸಲ. ಗೋರೆಗಾಂವ್‌ನ ಗೋಡೌನಿನಲ್ಲಿ ಅರ್ಧ ಪಟ್ಟಿ ಅಚ್ಚಾಗಿ, ಪಂಪಿಗೆ ಬೇರಿಂಗ್ ಹೋಗಿ ಗ್ಯಾಸ್ಕೆಟ್ ಹೋಗದೆ ಗಿರಾಕಿಗಳು ಬೈದರು. ಮೂರನೇ ವಾರ ಮುಖ್ಯಸ್ಥರು ಸಂಜೆ ಫೋನ್ ಮಾಡಿದರು.

"ಜಿ.ಎಂ. ಇನ್ನು ಕಾಯುವುದಿಲ್ಲ ಅಂತಾರೆ. ಶುಕ್ರವಾರ ಹತ್ತರಿಂದ ನಾಲ್ಕರವರೆಗೆ ಅವರೇ ಇಲ್ಲಿ ಕೂತು ನೋಡ್ತಾರಂತೆ. ಒಂದು ಸಲ ಲೈನ್ ಬಿದ್ದರೂ ಇದು ಬಂದ್. ಆಮೇಲೆ ನಿಮ್ಮ ಆ ಕಾಗದ... ನಾನು ಎಂತ ಮಾಡುವುದು ಹೇಳಿ?"

ಮಂಗಳವಾರ ಅವರು ತಾವೇ ಇನ್ನೊಂದು ಮೋಡೆಮ್ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ವಯರುಗಳನ್ನೆಲ್ಲ ಬಿಚ್ಚಿ ಕಟ್ಟಿ, ನನಗೆ ಕೆಲಸ ಮಾಡಲು ಹೇಳಿ, ತಾವು ಅತ್ತೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಇಬ್ಬರೂ ಮಾಟುಂಗದ ಯಾವ ಹೋಟೆಲಿನ ಸಾಂಬಾರು ಕೆಟ್ಟಿದೆ ಎಂದು ಮೂರು ಗಂಟೆ ಮಾತಾಡಿದರು. ಲೈನು ಒಂದು ಸಲವೂ ಬೀಳಲಿಲ್ಲ. ಮೋಡೆಮ್ಮಿನದೇ ದೋಷ ಎಂದು ಸಮಾಧಾನಪಟ್ಟುಕೊಂಡು, ಮೂರು ಲೋಟ ಕಾಫಿ ಕುಡಿದು ಹೋದರು. ಅವರು ಮೆಟ್ಟಿಲಿಳಿದು ಹತ್ತು ನಿಮಿಷವಾಗಿರಲಿಲ್ಲ, ಲೈನು ಬಿತ್ತು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಟೆಲಿಫೋನ್ ಇಲಾಖೆಯನ್ನು ಬೈದೆ, ಮಳೆಯನ್ನು ಬೈದೆ, ಗೋರೆಗಾಂವ್‌ವರೆಗಿನ ಒಂದೊಂದು ಕಂಬವನ್ನೂ ಬೈದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಿತ್ತು ನನ್ನ ಗತಿ.

ಗುಟ್ಟು ಬಿಚ್ಚಿದವರು ಎದುರುಮನೆಯ ಫ್ರಿಜ್ ರಿಪೇರಿಯವರು. ಕಲಬುರ್ಗಿಯ ಕಡೆಯ ಮುಸಲ್ಮಾನರು. ಅತ್ತೆ ಜಾರಿಬಿದ್ದ ದಿನ ಅವರನ್ನು ಎತ್ತಿಕೊಂಡು ಮೂರು ಮಹಡಿ ಇಳಿದವರು ಅವರೇ. ಬುಧವಾರ ಮಧ್ಯಾಹ್ನ, ಬೆಳಗ್ಗೆ ಹತ್ತರೊಳಗೆ ತಮಗೆ ಬಂದಿದ್ದ ಕರೆಗಳ ಬಗ್ಗೆ ಅತ್ತೆಯನ್ನು ಕೇಳಿಕೊಂಡು ಹೊರಗೆ ಬರುವಾಗ ನಾನು ಕೀಬೋರ್ಡಿಗೆ ಕೈ ಕುಟ್ಟುತ್ತಿದ್ದೆ.

"ಯಾಕ್ರೀ ಅಕ್ಕಾರ, ಏನಾತು?"

"ಲೈನ್ ಬಿತ್ತು ಭಾಯಿ. ಮತ್ತೆ."

"ಈಗ ಬಿತ್ತೇನ್ರಿ? ಈಗಷ್ಟೇ ಅಮ್ಮಾರು ಫೋನ್ ಎತ್ತಿ ಕಿವಿಗೆ ಹಚ್ಚಿ ನೋಡಿದ್ರಲ್ರೀ. ನಂಗೂ ಕೇಳಿಸಿದ್ರು, ಒಳಗ ಏನೋ ಕಿರಕಿರ ಅಂತೈತಿ, ಲೈನಿಗೆ ಆರಾಮಿಲ್ಲ ಅಂದ್ರು. ಆಮ್ಯಾಲ ಟಕಟಕ ಒತ್ತಿ ಇಟ್ರು."

ಆ ಕಾಲದ ಮುಂಬಯಿಯಲ್ಲಿ ಫೋನ್ ಇದ್ದವರೆಲ್ಲರಿಗೂ ಇದ್ದ ಅಭ್ಯಾಸವದು. ಮಳೆಗಾಲದಲ್ಲಿ ಲೈನು ಸತ್ತರೆ ವಾರಗಟ್ಟಲೆ ಏಳುತ್ತಿರಲಿಲ್ಲ. ಆದ್ದರಿಂದ ಬರುತ್ತ ಹೋಗುತ್ತ ಒಂದು ಸಲ ರಿಸೀವರ್ ಎತ್ತಿ, ಗುರ್ ಎಂಬ ಸದ್ದು ಇದೆಯೇ ಎಂದು ಕೇಳಿ ಇಡುವುದು; ಇಲ್ಲದಿದ್ದರೆ ಗುಂಡಿಯನ್ನು ಟಕಟಕ ಒತ್ತಿ ಎಬ್ಬಿಸಲು ನೋಡುವುದು. ನಾನೂ ಎಷ್ಟೋ ಸಲ ಮಾಡಿದ್ದೆ. ಅವರಿಗೆ ಕೇಳಿದ ಕಿರಕಿರ ನನ್ನ ಮೋಡೆಮ್ಮಿನದೇ ಸದ್ದು; ಅದೇ ಲೈನಿನ ಇನ್ನೊಂದು ಫೋನು ಎತ್ತಿ ಗುಂಡಿ ಒತ್ತಿದರೆ ಅದರ ಕನೆಕ್ಷನ್ ಕಡಿದುಹೋಗುತ್ತಿತ್ತು. ಫೋನ್ ಯಾರೂ ಬಳಸಕೂಡದು ಎಂದು ಮಹಡಿಗೆಲ್ಲ ಸಾರಿದ ಅತ್ತೆ, ಎತ್ತಿ ನೋಡುವುದನ್ನು ಬಳಸುವುದೆಂದು ಎಣಿಸಿರಲೇ ಇಲ್ಲ.

ನಾನು ಒಳಗೆ ನುಗ್ಗಿದೆ.

"ನಿನ್ನ ಲೈನು ಸತ್ತುಗಿತ್ತು ಹೋದ್ರೆ ಅಂತ ನೋಡ್ತಿದ್ದೆ ಕಣೇ," ಎಂದರು ಅತ್ತೆ, ಏನೂ ಗೊತ್ತಿಲ್ಲದ ಮುಖದಲ್ಲಿ. "ನೀನು ಪಾಪ ಒತ್ತುತ್ತಾ ಇರ್ತೀಯ. ಒಂದೊಂದು ಸಲ ಕಿರಕಿರ ಅನ್ನೋದು. ಸರಿಮಾಡಿ ಇಡ್ತಿದ್ದೆ."

"ಸರಿಮಾಡಿ ಇಡ್ತಿದ್ರಾ? ನನ್ನ ಕೆಲಸ ತೆಗೀತಿದ್ದೀರಿ ನೀವು! ಕೈ ಸುಮ್ಮನಿರೋದಿಲ್ವಾ ನಿಮಗೆ? ಸೊಂಟ ಮುರಿದ್ರೂ ಊರ ಉಸಾಬರಿ ಬಿಡಲಿಲ್ಲ. ಇನ್ನು ಏನನ್ನೂ ಮುಟ್ಟಬೇಡಿ. ಏನನ್ನೂ!"

ಫೋನನ್ನು ವಯರ್ ಸಮೇತ ಕಿತ್ತು ಅಟ್ಟದ ಮೇಲೆ ಎಸೆದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ರಾತ್ರಿ ಕ್ಷಮಿಸಿ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ತಪ್ಪು ಅವರದು ತಾನೆ ಎಂದು ಬಿಗಿದುಕೊಂಡೇ ಇದ್ದೆ.

ಶುಕ್ರವಾರ ಬೆಳಗ್ಗೆ ಅತ್ತೆಗೆ ಮೈ ಒರೆಸಿ, ಉಪ್ಪಿಟ್ಟು ತಿನ್ನಿಸಿ, ನೀರಿನ ಚೊಂಬನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. "ಮಧ್ಯಾಹ್ನಕ್ಕೆ ನನಗೆ ಹಸಿವಿಲ್ಲ. ನಿನ್ನ ಪರೀಕ್ಷೆ ಮುಗಿಸು, ನಾಲ್ಕಕ್ಕೆ ಊಟ ಮಾಡೋಣ" ಎಂದರು. ಎರಡು ದಿನದಲ್ಲಿ ಅವರು ಆಡಿದ ದೊಡ್ಡ ಮಾತು ಅದು. ಹತ್ತಕ್ಕೆ ಸರಿಯಾಗಿ ನಂಬರ್ ತಿರುಗಿಸಿದೆ. ಹತ್ತು ನಿಮಿಷ ಏನೂ ಒತ್ತದಿದ್ದರೆ ಕಂಪ್ಯೂಟರ್ ತಾನಾಗಿಯೇ ಲೈನು ಬಿಟ್ಟುಬಿಡುತ್ತಿತ್ತು. ಅದಕ್ಕೆ ಹೆದರಿ ನಾನು ಕುರ್ಚಿಗೆ ಅಂಟಿಕೊಂಡೆ. ಜಿ.ಎಂ. ನನ್ನ ಬೆನ್ನ ಹಿಂದೆಯೇ ನಿಂತಂತೆ ಅನಿಸುತ್ತಿತ್ತು. ಹನ್ನೊಂದರ ಹೊತ್ತಿಗೆ ಎಲ್ಲೋ ಪಾತ್ರೆ ಬಿದ್ದ ಸದ್ದಾಯಿತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಮುಂದಿನ ನಂಬರ್ ಒತ್ತಿದೆ. ಒಂದು ಗಂಟೆಗೆ ಒಂದೇ ಒಂದು ಸಲ ಓಡಿಹೋಗಿ ಬಾಗಿಲಿನಿಂದ ಇಣುಕಿದೆ. ಅತ್ತೆ ಕುತ್ತಿಗೆಯವರೆಗೆ ಹೊದ್ದು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದದ್ದು ಒಳ್ಳೆಯದೇ ಆಯಿತು ಎಂದು ಮರಳಿ ಬಂದೆ.

ನಾಲ್ಕಾಯಿತು. ಲೈನು ಒಂದು ಸಲವೂ ಬಿದ್ದಿರಲಿಲ್ಲ. ಪರದೆಯ ಮೇಲೆ ಮುಖ್ಯಸ್ಥರು ಆ ಕಡೆಯಿಂದ ಒತ್ತಿದ ಸಾಲು ಬಂತು: ಜಿ.ಎಂ. ಒಪ್ಪಿದರು, ಕಾಗದ ಹರಿದುಹಾಕಿ.

"ಅತ್ತೇ, ಆಯ್ತು! ಕೆಲಸ ಉಳೀತು!" ಎಂದು ಕಿರುಚುತ್ತ ಒಳಗೆ ಓಡಿದೆ. ಕಾಲಿಗೆ ಏನೋ ತಗಲಿ ಉರುಳಿತು. ನೀರಿನ ಚೊಂಬು. ಹೊದಿಕೆ ಸರಿಸಿದರೆ ಹಾಸಿಗೆ, ಸೀರೆ, ಬೆನ್ನು ಎಲ್ಲ ತೊಪ್ಪೆ. ಹನ್ನೊಂದಕ್ಕೆ ಚೊಂಬಿಗೆ ಕೈ ಚಾಚಿದಾಗ ಅದು ಮೈಮೇಲೆ ಮಗುಚಿಕೊಂಡು ಕೆಳಗೆ ಬಿದ್ದಿತ್ತು. ಐದು ಗಂಟೆ ಹೊತ್ತು ಒದ್ದೆಯಲ್ಲೇ ಮಲಗಿದ್ದರು, ಅಲ್ಲಾಡಲಾರದೆ. ಒಂದು ಗುಟುಕು ನೀರೂ ಕುಡಿದಿರಲಿಲ್ಲ. ತುಟಿ ಒಣಗಿ ಬಿಳಚಿಕೊಂಡಿತ್ತು.

"ಯಾಕತ್ತೆ ಕರೀಲಿಲ್ಲ? ಆರು ಹೆಜ್ಜೆ ದೂರದಲ್ಲಿದ್ದೆನಲ್ಲ!"

ಅವರು ಹೊರಗಿನ ಕೋಣೆಯ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದರು: "ಈಗ ಮಾತಾಡಬಹುದಾ? ಲೈನು ಬೀಳಲ್ವಲ್ಲ?"

ನಾನು ಮಂಚದ ಅಂಚಿನಲ್ಲಿ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ. "ಥೂ ಹುಚ್ಚಿ, ಕೆಲಸ ಉಳಿದದ್ದಕ್ಕೆ ಯಾರಾದ್ರೂ ಅಳ್ತಾರಾ?" ಎಂದು ಅವರು ನನ್ನ ತಲೆ ಸವರಿದರು. ಇವರನ್ನು ನೋಡಿಕೊಳ್ಳುವುದಕ್ಕೆಂದೇ ಅಲ್ಲವೆ ಟ್ಯಾಕ್ಸಿಯಲ್ಲಿ ಗೋರೆಗಾಂವ್ ಬಂದದ್ದು. ಗೋರೆಗಾಂವ್‌ನ ಲೈನು ಕಾಯುತ್ತ ಇವರ ಲೈನು ಕಡಿದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಸಂಜೆ ಗಂಡ ಬಂದ ಮೇಲೆ ಅಟ್ಟದಿಂದ ಫೋನು ಇಳಿಸಿ ತಲೆದಿಂಬಿನ ಹತ್ತಿರ ಜೋಡಿಸಿದೆವು. ಅತ್ತೆ ಬೇಡ ಬೇಡ ಎಂದು ಕೈ ಹಿಂದಕ್ಕೆಳೆದುಕೊಂಡರು. ನಾನು ಒಂದು ಕರಾರು ಮಾಡಿಕೊಂಡೆ. ದಿನಾ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ನಾನೇ ಲೈನು ಬಿಡುತ್ತೇನೆ. ಆಗ ಅವರು ಎತ್ತಿ ನೋಡಬೇಕು. ಮುಖ್ಯಸ್ಥರಿಗೂ ಹೇಳಿದೆ, ಲೈನು ಪರೀಕ್ಷೆಗೆ ದಿನಕ್ಕೆ ಮೂರು ಸಲ ಕಾಲು ಗಂಟೆ ಬೇಕು ಎಂದು. "ಮಾಡಿ ಮಾಡಿ, ಅದು ಬಹಳ ಮುಖ್ಯ" ಎಂದರು. ಆ ಸಮಯಕ್ಕೆ ನಾನು ನೀರು, ಮಜ್ಜಿಗೆ ಹಿಡಿದು ಒಳಗೆ ಹೋಗಿ "ನೋಡಿ ಅತ್ತೆ" ಎನ್ನುತ್ತಿದ್ದೆ. ಅವರು ರಿಸೀವರ್ ಎತ್ತಿ, ಕಣ್ಣು ಅರೆಮುಚ್ಚಿ ಕೇಳಿ, "ಜೀವ ಇದೆ ಕಣೇ" ಎಂದು ಇಡುತ್ತಿದ್ದರು. ನಿಂತಿದ್ದ ಪಿ.ಪಿ. ಕರೆಗಳಲ್ಲಿ ಎರಡೋ ಮೂರೋ ಆ ಕಾಲು ಗಂಟೆಯಲ್ಲೇ ಬಂದು ಬೀಳುತ್ತಿದ್ದವು.

ಮೂರು ತಿಂಗಳಾದ ಮೇಲೆ ಅತ್ತೆ ವಾಕರ್ ಹಿಡಿದು ನಡೆದರು. ಆಮೇಲೆ ಕೋಲು, ಆಮೇಲೆ ಅದೂ ಬೇಡವಾಯಿತು. ಟರ್ಮಿನಲ್ ಟ್ಯಾಕ್ಸಿ ಹತ್ತಿ ಹೋಯಿತು. ಹೊಲಿಗೆ ಮೆಷಿನ್ ತಲೆಯೆತ್ತಿತು. ನಾನು ಮತ್ತೆ ಲೇಡೀಸ್ ಡಬ್ಬದಲ್ಲಿ ನೂಕಿಸಿಕೊಂಡು ಗೋರೆಗಾಂವ್‌ಗೆ ಹೋದೆ. ಮೊದಲ ದಿನ ಹನ್ನೊಂದು ಗಂಟೆಗೆ ನನ್ನ ಮೇಜಿನ ಫೋನು ಹೊಡೆದುಕೊಂಡಿತು.

"ಏನತ್ತೆ? ಏನಾಯ್ತು?" ಎಂದೆ ಗಾಬರಿಯಿಂದ.

"ಏನಿಲ್ಲ ಕಣೇ. ಲೈನಿದೆಯಾ ಅಂತ ನೋಡ್ದೆ."

"ಇದೆ ಅತ್ತೆ. ನೀರು ಕುಡಿದ್ರಾ?"

"ಕುಡಿದೆ. ನೀನು?"

ಒಂದಕ್ಕೆ ಮತ್ತೆ ಬಂತು, ಮೂರಕ್ಕೆ ಮತ್ತೆ. ದಿನಾ ಹೀಗೇ. ಒಂದು ಸಲ ಜಿ.ಎಂ. ನನ್ನ ಮೇಜಿನ ಮುಂದೆ ನಿಂತು ಏನೋ ಹೇಳುತ್ತಿದ್ದಾಗ ಮೂರು ಗಂಟೆಯಾಯಿತು. ಫೋನ್ ಹೊಡೆದುಕೊಂಡಿತು, ನಾನು ಅವರ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎತ್ತಿದೆ. ಇಟ್ಟ ಮೇಲೆ ಅವರು ಹುಬ್ಬು ಗಂಟಿಕ್ಕಿ, ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೆಡ್ ಆಫೀಸು ಸಾರ್" ಎಂದೆ.